ಅಪ್‌ಡೇಟ್ ಆದ ಮೇಲೆ ಕಾಣೆಯಾದ ಹಾಡು

ಹುಣಸೂರಿನ ನಮ್ಮ ಮನೆ ಟೀವಿ ಹಿಂದೆ ಅಂಗೈಯಗಲದ ಒಂದು ಕಂಪ್ಯೂಟರ್ ಇದೆ. ಅದಕ್ಕೆ ಎರಡು ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದೀನಿ. ಒಂದರಲ್ಲಿ ಸಿನಿಮಾಗಳು. ಇನ್ನೊಂದರಲ್ಲಿ ಮನೆ ಸರಕು: ಮದುವೆ ವಿಡಿಯೋ, ಫೋಟೋ, ಮತ್ತೆ ನಮ್ಮಜ್ಜಿ ಹಾಡಿದ ಸೋಬಾನೆ ಪದಗಳು. ಗೌರಿಹಬ್ಬದ ಹಿಂದಿನ ರಾತ್ರಿ ತೆರೆಯ ಮೂಲೆಯಲ್ಲಿ ‘ಹೊಸ ಅಪ್‌ಡೇಟ್ ಬಂದಿದೆ’ ಅಂತ ಕಾಣಿಸ್ತು. ಒತ್ತಿಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದ್ರೆ ಸಿನಿಮಾ ಡಿಸ್ಕ್ ಇದೆ, ಅಜ್ಜಿ ಡಿಸ್ಕ್ ಇಲ್ಲ. ಅದರ ದೀಪ ಉರೀತಿದೆ, ಒಳಗೆ ತಿರುಗೋ ಸದ್ದೂ ಕೇಳ್ತಿದೆ. ಪಟ್ಟಿಯಲ್ಲಿ ಮಾತ್ರ ಹೆಸರೇ ಇಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷ ಆಯ್ತು. ಪ್ರತಿ ಗೌರಿಹಬ್ಬಕ್ಕೆ ಅಕ್ಕ ಕೆ.ಆರ್. ನಗರದಿಂದ ತವರಿಗೆ ಬಂದಾಗ ಆ ಪದ ಹಾಕೋದು ನಮ್ಮ ಮನೆ ಪದ್ಧತಿ. ಬಾಗಿನ ಕೊಡುವಾಗ ಟೀವಿ ಸುಮ್ಮನೆ ಕೂತಿತ್ತು.

ರಿಪೇರಿ ಕಥೆ ಹೇಳೋಕೆ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗ್ತೀನಿ. ಮನೆಯೊಳಗೆ ಹಾಡು ಕೂಡಿಟ್ಟುಕೊಳ್ಳೋ ಆಸೆ ನಮ್ಮ ಸೀಮೆಗೆ ಯಾವಾಗ ಬಂತು ಅನ್ನೋದನ್ನ ಯೋಚಿಸಿದ್ರೆ ನನಗೆ ಮೊದಲು ನೆನಪಾಗೋದು 1935. ಆ ವರ್ಷದ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ರು. ‘ಆಕಾಶವಾಣಿ’ ಅನ್ನೋ ಹೆಸರು ರೇಡಿಯೋಗೆ ಅಂಟಿಕೊಂಡದ್ದು ಅಲ್ಲೇ. ದೇಶದ ರೇಡಿಯೋ ಆ ಹೆಸರನ್ನ ತನ್ನದು ಮಾಡಿಕೊಂಡದ್ದು ಇಪ್ಪತ್ತು ವರ್ಷ ಕಳೆದ ಮೇಲೆ. ಒಂದು ಕಾಕತಾಳೀಯ ನೋಡಿ: ಅದೇ 1935ರ ಆಗಸ್ಟ್‌ನಲ್ಲಿ ಜರ್ಮನಿಯವರು ಬರ್ಲಿನ್ನಿನ ರೇಡಿಯೋ ಮೇಳದಲ್ಲಿ ‘ಮ್ಯಾಗ್ನೆಟೋಫೋನ್’ ಅನ್ನೋ ಟೇಪ್ ರೆಕಾರ್ಡರನ್ನ ಜನರಿಗೆ ತೋರಿಸಿದ್ರು. ಮೈಸೂರಿನ ಮೈಕಿಗೂ ಬರ್ಲಿನ್ನಿನ ಟೇಪಿಗೂ ನಡುವೆ ಒಂದೇ ತಿಂಗಳು. ಆದ್ರೆ ಆ ಟೇಪು ಜನಸಾಮಾನ್ಯರ ಮನೆಗೆ ಬರೋ ಹಾಗಾಗಿದ್ದು ಫಿಲಿಪ್ಸ್ ಕಂಪನಿ 1963ರಲ್ಲಿ, ಅದೇ ಬರ್ಲಿನ್ ಮೇಳದಲ್ಲಿ, ಪುಟ್ಟ ಕ್ಯಾಸೆಟ್ ತಂದ ಮೇಲೆ.

ನಮ್ಮ ಮನೆಗೆ ಅದು ಬರೋಕೆ ಇನ್ನೂ ಇಪ್ಪತ್ತು ಚಿಲ್ಲರೆ ವರ್ಷ ಬೇಕಾಯ್ತು. ಕರ್ನಾಟಕದಲ್ಲಿ ಹೊಗೆಸೊಪ್ಪಿನ ಹರಾಜು ಶುರುವಾಗಿದ್ದು 1984ರಲ್ಲಿ. ಅದಾದ ಎರಡು ಮೂರು ವರ್ಷಕ್ಕೆ, ಒಂದು ಸಲ ಒಳ್ಳೆ ರೇಟು ಸಿಕ್ಕಾಗ, ದೊಡ್ಡಪ್ಪ ಬ್ಯಾರನ್ ಸಾಲ ತೀರಿಸಿ ಉಳಿದ ದುಡ್ಡಲ್ಲಿ ಒಂದು ಟೇಪ್‌ರೆಕಾರ್ಡರ್ ತಂದ್ರು. ಚಿಕ್ಕತ್ತೆಯನ್ನ ಪಿರಿಯಾಪಟ್ಟಣಕ್ಕೆ ಕೊಟ್ಟಾಗ ಅದನ್ನ ಚಪ್ಪರದ ಕೆಳಗೆ ಇಟ್ಟು ಅಜ್ಜಿಯ ಪದ ಹಿಡಿದಿದ್ದು ಅವರೇ. ಆಮೇಲೆ ಕೇಳಿದವರಿಗೆಲ್ಲ ಮೈಸೂರಲ್ಲಿ ಡಬ್ ಮಾಡಿಸಿ ಕೊಟ್ರು. ಒಂದು ಪಿರಿಯಾಪಟ್ಟಣಕ್ಕೆ, ಒಂದು ಕೆ.ಆರ್. ನಗರದ ಸೋದರಮಾವನಿಗೆ, ಒಂದು ಎಚ್.ಡಿ. ಕೋಟೆಯ ದೊಡ್ಡತ್ತೆಗೆ.

ಈಗಿನ ಪೆಟ್ಟಿಗೆಯ ವಂಶಾವಳಿ ಬೇರೆ. 2002ರಲ್ಲಿ ಕೆಲವು ಹವ್ಯಾಸಿಗಳು ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಅನ್ನೋ ಆಟದ ಯಂತ್ರದೊಳಗೆ ಸಿನಿಮಾ ಓಡಿಸೋ ತಂತ್ರಾಂಶ ಬರೆದ್ರು. ಅದು ಬೆಳೆದೂ ಬೆಳೆದೂ ಆ ಯಂತ್ರವನ್ನೇ ಬಿಟ್ಟು ಹೊರಬಂತು, 2014ರಲ್ಲಿ ‘ಕೋಡಿ’ ಅಂತ ಹೆಸರು ಬದಲಿಸಿಕೊಂಡಿತು. ನಡುವೆ 2012ರ ಫೆಬ್ರವರಿ 29ರಂದು 35 ಡಾಲರಿನ ರಾಸ್ಪ್‌ಬೆರಿ ಪೈ ಬಂತು. ಎರಡೂ ಸೇರಿ ಮನೆ ಟೀವಿ ಹಿಂದೆ ಕಂಪ್ಯೂಟರ್ ಕೂರಿಸೋದು ನಮ್ಮಂಥವರ ಕೈಗೂ ಎಟುಕಿತು. ನನ್ನದು ಪೈ ಅಲ್ಲ, ಅದನ್ನ ನೋಡಿ ಇನ್ಯಾರೋ ಮಾಡಿದ ಅಗ್ಗದ ಬೋರ್ಡು.

ಫರ್ಮ್‌ವೇರ್ ಅನ್ನೋ ಪದ ಹುಟ್ಟಿದ್ದು 1967ರಲ್ಲಿ, ಆಶರ್ ಓಪ್ಲರ್ ಅನ್ನೋರ ಲೇಖನದಲ್ಲಿ. ಹಾರ್ಡ್‌ವೇರೂ ಅಲ್ಲ, ಸಾಫ್ಟ್‌ವೇರೂ ಅಲ್ಲ, ನಡುವಿನದು. ಯಂತ್ರದ ಹೊಟ್ಟೆಯಲ್ಲೇ ಬರೆದಿಟ್ಟ ಆದೇಶ. ಅದು ಕೆಟ್ಟರೆ ಏನಾಗುತ್ತೆ ಅನ್ನೋದನ್ನ ಜಗತ್ತು ಚೆನ್ನಾಗಿ ಕಲಿತದ್ದು 2009ರ ಜನವರಿಯಲ್ಲಿ. ಸೀಗೇಟ್ ಕಂಪನಿಯ 7200.11 ಡಿಸ್ಕುಗಳು ಒಂದೊಂದಾಗಿ ಮಾಯ ಆಗೋಕೆ ಶುರುವಾದ್ವು. ಡಿಸ್ಕ್ ತನ್ನೊಳಗೆ ಬರೆದುಕೊಳ್ಳೋ ದಿನಚರಿಯ ಲೆಕ್ಕ 320ಕ್ಕೆ ಬಂದು ನಿಂತ ಹೊತ್ತಲ್ಲೇ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ರೆ ಫರ್ಮ್‌ವೇರ್ ಗೊಂದಲಕ್ಕೆ ಬಿದ್ದು ನಿಂತುಬಿಡ್ತಿತ್ತು. ಒಳಗಿನ ಮಾಹಿತಿ ಒಂದಕ್ಷರ ಹೋಗಿರಲಿಲ್ಲ. ಬಾಗಿಲು ಮಾತ್ರ ತೆರೀತಿರಲಿಲ್ಲ. ಕಂಪನಿ ಅವಸರದಲ್ಲಿ ಹೊಸ ಫರ್ಮ್‌ವೇರ್ ಕೊಟ್ಟಿತು. ಅದನ್ನ ಹಾಕಿಕೊಂಡು 500 ಜಿಬಿಯ ಇನ್ನಷ್ಟು ಡಿಸ್ಕುಗಳು ಮಲಗಿದ್ವು. ಅದನ್ನ ವಾಪಸ್ ತಗೊಂಡು ಮತ್ತೆ ಸರಿಮಾಡಿ ಕೊಡಬೇಕಾಯ್ತು. ಹಾಗಂತ ಅಪ್‌ಡೇಟೇ ಬೇಡ ಅನ್ನೋ ಹಾಗೂ ಇಲ್ಲ. 2015ರ ನಂತರ ಫರ್ಮ್‌ವೇರ್ ಕಾಣದ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಡಿಸ್ಕುಗಳನ್ನ 2021ರ ಜೂನ್‌ನಲ್ಲಿ ಯಾರೋ ದೂರದಿಂದಲೇ ಒರೆಸಿ ಹಾಕಿದ್ರು. ಮಾಡಿದ್ರೂ ಕಷ್ಟ, ಬಿಟ್ರೂ ಕಷ್ಟ.

ಈಗ ನಮ್ಮ ಮನೆಗೆ ಬರೋಣ. ನನಗೆ ಮೊದಲು ಅನುಮಾನ ಬಂದಿದ್ದು ಕರೆಂಟಿನ ಮೇಲೆ. ಸಣ್ಣ ಡಿಸ್ಕ್ ತಿರುಗೋಕೆ ಶುರುವಾದಾಗ ಒಂದು ಆಂಪಿಯರ್ ಹತ್ತಿರ ಎಳೆಯುತ್ತೆ. ಯುಎಸ್‌ಬಿ 3ರ ಕಟ್ಟಳೆ 900 ಮಿಲಿ ಆಂಪಿಯರ್, ಹಳೇ ಯುಎಸ್‌ಬಿ 2ರದ್ದು ಬರೀ 500. ಬೇರೆ ಅಡಾಪ್ಟರ್ ಇರೋ ಹಬ್ ಹಾಕಿದೆ. ಕೇಬಲ್ ಬದಲಿಸಿದೆ. ಏನೂ ಆಗ್ಲಿಲ್ಲ. ಅಷ್ಟರಲ್ಲಿ ಹಬ್ಬ ಮುಗಿಸಿ ಹೊರಟ ಭಾವ, “ಕೊಡಪ್ಪ ಇಲ್ಲಿ, ನಮ್ಮೂರಲ್ಲಿ ಒಂದು ಅಂಗಡಿ ಇದೆ, ತೋರಿಸ್ತೀನಿ” ಅಂತ ಡಿಸ್ಕನ್ನ ಕವರಿಗೆ ಹಾಕ್ಕೊಂಡು ಕೆ.ಆರ್. ನಗರಕ್ಕೆ ಹೋದ್ರು. ನಾನೂ ಸೋತಿದ್ದೆ, ಕೊಟ್ಟುಬಿಟ್ಟೆ.

ಮಾರನೇ ದಿನ ಹನ್ನೊಂದು ಗಂಟೆಗೆ ಫೋನ್.

“ಏನಪ್ಪ, ಇಲ್ಲಿ ಡಿಸ್ಕ್ ಸಿಕ್ತು ಕಣೋ. ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳ್ತೈತೆ. ಮಾಡಿದ್ರೆ ಸರಿಹೋಯ್ತದಂತೆ. ಹೂಂ ಅನ್ಲಾ?”

“ಬೇಡ ಭಾವ! ಆ ಹುಡುಗನಿಗೆ ಮೌಸಿಂದ ಕೈ ತೆಗಿ ಅನ್ನಿ. ಮೊದಲು ವೈರ್ ಕೀಳ್ಸಿ.”

ಈಗಲೂ ನೆನೆಸಿಕೊಂಡ್ರೆ ಎದೆ ಹೊಡ್ಕೊಳ್ಳುತ್ತೆ. ಆ ಡಿಸ್ಕನ್ನ ನಾನು ಲಿನಕ್ಸ್‌ನ ಇಎಕ್ಸ್‌ಟಿ4 ಕ್ರಮದಲ್ಲಿ ಸಿದ್ಧ ಮಾಡಿದ್ದೆ. ವಿಂಡೋಸ್‌ಗೆ ಆ ಭಾಷೆ ಬರಲ್ಲ. ತನಗೆ ಓದೋಕೆ ಬರದ್ದನ್ನೆಲ್ಲ ಅದು ಖಾಲಿ ಅಂತ ತಿಳಿದು, ಅಳಿಸಿ ಹೊಸದಾಗಿ ಬರೀಲಾ ಅಂತ ಕೇಳುತ್ತೆ. ಅಂಗಡಿ ಹುಡುಗನ ತಪ್ಪೇನಿಲ್ಲ, ತೆರೆ ಮೇಲೆ ಬಂದದ್ದನ್ನ ಅವನು ಓದಿ ಹೇಳಿದ. ಆದ್ರೆ ಆ ಫೋನಿನಿಂದ ನನಗೊಂದು ವಿಷಯ ಹೊಳೀತು. ಅಲ್ಲಿಯ ಕಂಪ್ಯೂಟರಿಗೆ ಡಿಸ್ಕ್ ಕಾಣ್ತಿದೆ ಅಂದ್ರೆ ಡಿಸ್ಕ್ ಸತ್ತಿಲ್ಲ. ಕೆಟ್ಟಿರೋದು ನನ್ನ ಪೆಟ್ಟಿಗೆಗೂ ಅದಕ್ಕೂ ನಡುವಿನ ಮಾತುಕತೆ.

ಬಸ್ಸಲ್ಲಿ ಹೋಗಿ ತಂದೆ. ಲಾಗ್ ತೆಗೆದು ಓದಿದ್ರೆ ಒಂದೇ ಸಾಲು ಮತ್ತೆ ಮತ್ತೆ: ಯುಎಎಸ್, ಉತ್ತರ ಇಲ್ಲ, ರೀಸೆಟ್. ಯುಎಸ್‌ಬಿ ಡಿಸ್ಕಿನ ಜೊತೆ ಮಾತಾಡೋಕೆ ಎರಡು ರೀತಿ ಇವೆ. ಹಳೇದು, ಒಂದು ಕೇಳಿ ಉತ್ತರ ಬರೋ ತನಕ ಕಾಯೋದು. ಹೊಸದು ಯುಎಎಸ್, ಒಟ್ಟಿಗೆ ಹತ್ತಾರು ಆದೇಶ ಸಾಲಿಗೆ ನಿಲ್ಲಿಸೋದು. ಲಿನಕ್ಸ್ ಇದನ್ನ ಸರಿಯಾಗಿ ಬಳಸೋಕೆ ಶುರು ಮಾಡಿದ್ದು 2014ರಲ್ಲಿ. ಡಿಸ್ಕಿನ ಡಬ್ಬಿಯೊಳಗಿನ ಕೆಲವು ಚಿಪ್‌ಗಳು ‘ನನಗೆ ಹೊಸ ರೀತಿ ಬರುತ್ತೆ’ ಅಂತ ಸುಳ್ಳು ಹೇಳುತ್ವೆ, ಆಮೇಲೆ ನಡುವೆ ಬಾಯಿ ಮುಚ್ಚಿಕೊಳ್ಳುತ್ವೆ. ನನ್ನ ಹಳೇ ಫರ್ಮ್‌ವೇರ್ ಹಳೇ ರೀತಿಯಲ್ಲೇ ಕೇಳ್ತಿತ್ತು, ಹೊಸದು ಚಿಪ್ಪಿನ ಮಾತು ನಂಬಿತು. ಸಿನಿಮಾ ಡಿಸ್ಕಿನ ಡಬ್ಬಿಯಲ್ಲಿದ್ದದ್ದು ಬೇರೆ ಚಿಪ್, ಅದಕ್ಕೆ ಅದು ಬದುಕಿತ್ತು. ಬೂಟ್ ಆಗುವಾಗ ಓದೋ ಸಾಲಿನಲ್ಲಿ ಆ ಡಬ್ಬಿಯ ಗುರುತಿನ ಸಂಖ್ಯೆ ಬರೆದು, ಕೊನೆಗೆ ‘ಯು’ ಅನ್ನೋ ಒಂದಕ್ಷರ ಸೇರಿಸಿದೆ. ಇದರ ಹತ್ರ ಹಳೇ ರೀತಿಯಲ್ಲೇ ಮಾತಾಡು ಅಂತ ಅರ್ಥ. ಡಿಸ್ಕ್ ಬಂತು. ಸ್ವಲ್ಪ ನಿಧಾನ, ಇರಲಿ.

ಸಿನಿಮಾ ಡಿಸ್ಕಿನಲ್ಲಿ ಹುಣಸೂರು ಕೃಷ್ಣಮೂರ್ತಿಯವರ 1965ರ ‘ಸತ್ಯ ಹರಿಶ್ಚಂದ್ರ’ ಇದೆ, ಅಪ್ಪ ಕೊಂಡ ಡಿವಿಡಿಯಿಂದ ಹಾಕಿದ್ದು. ಅದರ ಪ್ರತಿ ಉಳಿದಿತ್ತು, ಹಾಗಾಗಿ 2008ರಲ್ಲಿ ಬಣ್ಣ ಹಾಕಿ ಮತ್ತೆ ಥಿಯೇಟರಿಗೆ ತಂದ್ರು. ಆದ್ರೆ ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’? ಒಂದು ಪ್ರತಿಯೂ ಉಳಿದಿಲ್ಲ. ಹೆಸರು ಗೊತ್ತು, ಬಿಡುಗಡೆಯಾದ ಮಾರ್ಚ್ 3 ಗೊತ್ತು, ಸುಬ್ಬಯ್ಯ ನಾಯ್ಡು ನಟಿಸಿದ್ದು ಗೊತ್ತು. ಚಿತ್ರ ಮಾತ್ರ ಇಲ್ಲ. ಸಿನಿಮಾ ಕಾಪಾಡೋ ಪುಣೆಯ ಫಿಲ್ಮ್ ಆರ್ಕೈವ್ ಹುಟ್ಟಿದ್ದೇ ಮೂವತ್ತು ವರ್ಷ ತಡವಾಗಿ, 1964ರಲ್ಲಿ.

ಡಿಸ್ಕ್ ಸಿಗೋ ಮುಂಚಿನ ದಿನಗಳಲ್ಲಿ ನಾನು ಹಳೇ ಕ್ಯಾಸೆಟ್‌ಗಳ ಲೆಕ್ಕ ಹಾಕಿದ್ದೆ. ನಮ್ಮ ಮೂಲ ಕ್ಯಾಸೆಟ್ಟನ್ನ ಕಂಪ್ಯೂಟರಿಗೆ ಹಾಕಿದ ಮೇಲೆ ಅಟ್ಟದಲ್ಲಿಟ್ಟು ಬೂಷ್ಟು ಹಿಡಿಸಿದ್ದು ನಾನೇ. ಪಿರಿಯಾಪಟ್ಟಣದ್ದರ ಮೇಲೆ ಮಕ್ಕಳು ಸಿನಿಮಾ ಹಾಡು ರೆಕಾರ್ಡ್ ಮಾಡಿದ್ರಂತೆ. ಕೆ.ಆರ್. ನಗರದ್ದನ್ನ ಟೇಪ್‌ರೆಕಾರ್ಡರೇ ತಿಂದು ಹಾಕಿತ್ತು. ಕೋಟೆಯ ದೊಡ್ಡತ್ತೆಗೆ ಫೋನ್ ಮಾಡಿದ್ರೆ, “ಐತೆ ಮಗ, ಟ್ರಂಕಲ್ಲಿ ಸೀರೆ ನಡುವೆ ಮಡಗಿವ್ನಿ” ಅಂದ್ರು.

ಡಿಸ್ಕ್ ಸಿಕ್ಕ ಮೇಲೂ ಹೋಗಿ ತಂದೆ. ಪೆನ್ಸಿಲ್ ತೂರಿಸಿ ಸಡಿಲ ಸುತ್ತಿ, ಸಾಲ ತಂದ ಪ್ಲೇಯರ್‌ನಲ್ಲಿ ಹಾಕಿದೆ. ಪದ ಮುಗೀತು. ನನ್ನ ಡಿಸ್ಕಿನ ಫೈಲ್ ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಬರೀ ಗದ್ದಲ ಅಂತ ಹಿಂದೆ ನಾನೇ ಕತ್ತರಿಸಿದ್ದೆ. ಕೋಟೆಯ ಕ್ಯಾಸೆಟ್ಟಿನಲ್ಲಿ ಅದು ಉಳಿದಿತ್ತು. ಹೆಂಗಸರ ನಗು, ಯಾರೋ ಮಗು ಅಳೋದು, ಪಾತ್ರೆ ಸದ್ದು, ಅದರ ನಡುವೆ ಅಜ್ಜಿ ದೊಡ್ಡಪ್ಪನನ್ನ ಕೇಳ್ತಾರೆ: “ಆಯ್ತೇನ್ಲಾ? ನಿಲ್ಲಿಸಿದ್ಯಾ?”

ಅದನ್ನ ಬೇರೆ ಫೈಲ್ ಮಾಡಿ, ಏನೂ ಕತ್ತರಿಸದೆ, ಮೂರು ಡಿಸ್ಕಿಗೆ ಹಾಕಿದ್ದೀನಿ. ಒಂದು ಇಲ್ಲಿ, ಒಂದು ಅಕ್ಕನ ಮನೇಲಿ, ಒಂದು ಚಿಕ್ಕತ್ತೆ ಹತ್ರ. ದೊಡ್ಡತ್ತೆಗೆ ಡಿಸ್ಕ್ ಬೇಡವಂತೆ. ಕ್ಯಾಸೆಟ್ ವಾಪಸ್ ತಂದುಕೊಡು ಅಂತ ಎರಡು ಸಲ ಫೋನ್ ಮಾಡಿದ್ರು.