ಸವಳಿನ ಲೆಕ್ಕ: ಒಂದೇ ಹೊಲ, ಹಲವು ಮಣ್ಣು

ಅಬ್ಬಿಗೇರಿ ಸುತ್ತಲಿನ ಎರಿ ಹೊಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದರೆ ಉಬ್ಬಿ ಬಿರುಕೆಲ್ಲ ಮುಚ್ಚಿ ಕಾಲಿಗೆ ಮೆತ್ತುತ್ತದೆ. ಇಂಥ ನೆಲಕ್ಕೆ ಉಪ್ಪು ಏರಿದರೆ ಸವಳು, ನೀರು ನಿಂತರೆ ಜವಳು. ರೋಣ, ನರಗುಂದ ಸೀಮೆಯಲ್ಲಿ ಈ ಎರಡು ಶಬ್ದ ಜೋಡಿಯಾಗಿಯೇ ಬಾಯಿಗೆ ಬರುತ್ತವೆ. ಅವಕ್ಕೆ ಅಳತೆ ಒದಗಿಸಲು ವಿಜ್ಞಾನ ನೂರು ವರ್ಷಕ್ಕೂ ಮಿಕ್ಕಿ ದುಡಿದಿದೆ.

ಕ್ಷಾರ ಭೂಮಿಗೆ ಜಿಪ್ಸಂ ಮದ್ದೆಂದು ಹತ್ತೊಂಬತ್ತನೇ ಶತಮಾನದ ಕೊನೆಗೆ ಕ್ಯಾಲಿಫೋರ್ನಿಯಾದ ಹಿಲ್ಗಾರ್ಡ್ ಹೇಳಿದರು. ಅದರ ಒಳಗುಟ್ಟು ಬಿಡಿಸಿದವರಲ್ಲಿ ರಷ್ಯಾದ ಗೆಡ್ರಾಯ್ಟ್ಸ್ ಮುಖ್ಯರು. ಜೇಡಿಗೆ ಅಂಟಿದ ಸೋಡಿಯಂ, ಮಣ್ಣಿನ ಕಣಗಳನ್ನು ಚದುರಿಸಿ ರಂಧ್ರ ಮುಚ್ಚುತ್ತದೆ. ಕ್ಯಾಲ್ಸಿಯಂ ಆ ಜಾಗ ಹಿಡಿದರೆ ಕಣಗಳು ಮತ್ತೆ ಕೂಡಿ ನೀರು ಕೆಳಗಿಳಿಯುತ್ತದೆ. ರಸಾಯನದ ಒಂದು ಬದಲಾವಣೆ ಮಣ್ಣಿನ ಮೈಕಟ್ಟನ್ನೇ ಬದಲಿಸುತ್ತದೆ. ಈ ಶಾಸ್ತ್ರದ ತಿರುಳೇ ಇದೆಂದು ನನ್ನ ಎಣಿಕೆ. 1954ರಲ್ಲಿ ಅಮೆರಿಕದ ಲವಣ ಪ್ರಯೋಗಾಲಯದ ಕೈಪಿಡಿ ಗೆರೆ ಎಳೆಯಿತು: ಈಗಿನ ಮಾನದಲ್ಲಿ ಹೇಳುವುದಾದರೆ, ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಸವಳು, ವಿನಿಮಯ ಸೋಡಿಯಂ ಶೇ. 15 ದಾಟಿದರೆ ಕ್ಷಾರ.

ಆ 4 ಎಂಬ ಅಂಕಿ ನೀರಲ್ಲಿ ಕಲಸಿದ ಮಣ್ಣಿನ ಮುದ್ದೆಯಿಂದ ಹೀರಿ ತೆಗೆದ ದ್ರವದ್ದು. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಉಪ್ಪು ತೆಳುವಾಗಿ ಅಂಕಿಯೂ ಇಳಿಯುತ್ತದೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ 1.5 ಕಂಡು ರೈತ ನಿಶ್ಚಿಂತನಾದರೆ ಮೋಸ ಹೋದಂತೆಯೇ.

ಈ ಎರಿ ಸೀಮೆಗೆ 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆ ಕಾಲುವೆಗಿಳಿದಳು. ಎರಿಯಲ್ಲಿ ನೀರು ಬಸಿಯುವುದು ನಿಧಾನ. ತಗ್ಗಿನಲ್ಲಿ ಅಂತರ್ಜಲ ಮೇಲೇರಿ, ಆವಿಯಾಗಿ, ಉಪ್ಪನ್ನು ಮೇಲುಮಣ್ಣಿನಲ್ಲಿ ಬಿಟ್ಟಿತು. ತುಂಗಭದ್ರಾ ಅಚ್ಚುಕಟ್ಟಿನದೂ ಇದೇ ಕಥೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ, 1969ರಲ್ಲಿ ಆರಂಭವಾದ ಕರ್ನಾಲ್‌ನ ಕೇಂದ್ರೀಯ ಮಣ್ಣಿನ ಲವಣತೆ ಸಂಶೋಧನಾ ಸಂಸ್ಥೆಯ ಜತೆಗೂಡಿ, ನೆಲದಡಿ ತೂತಿನ ಕೊಳವೆ ಹೂಳಿ ನೀರು ಬಸಿಯುವ ಕ್ರಮವನ್ನು ಪರೀಕ್ಷಿಸಿತು.

ಸವಳೆಲ್ಲ ಕ್ಷಾರವೇನಲ್ಲ. ಕುಮಟಾ ಬಳಿ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪೂ ಹುಳಿಯೂ ಕೂಡಿರುತ್ತವೆ. ಕಬ್ಬಿಣ-ಗಂಧಕದ ಕೆಸರು ಒಣಗಿ ಗಾಳಿ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ನೀರು ನಿಂತರೆ ರಸಸಾರ (pH) ಮತ್ತೆ ಏರುತ್ತದೆ. ಮಳೆ ಉಪ್ಪು ತೊಳೆದಾಗ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಎರಿಯ ಕ್ಷಾರಕ್ಕೆ ಒಪ್ಪುವ ಜಿಪ್ಸಂ ಇಲ್ಲಿನ ಹುಳಿಗೆ ಮದ್ದಲ್ಲ, ಇದಕ್ಕೆ ಸುಣ್ಣವೇ ಬೇಕು.

ಒಂದೇ ಹೊಲದೊಳಗೂ ಮಣ್ಣು ಒಂದೇ ಅಲ್ಲ. 1980ರಲ್ಲಿ ಮಣ್ಣು ವಿಜ್ಞಾನಿಗಳಾದ ಬರ್ಗೆಸ್ ಮತ್ತು ವೆಬ್‌ಸ್ಟರ್ ಗಣಿಗಾರಿಕೆಯ ಗಣಿತವನ್ನು ಮಣ್ಣಿಗೆ ತಂದ ಮೇಲೆ ನೋಟವೇ ಬದಲಾಯಿತು. ಎರಡು ಜಾಗದ ಮಣ್ಣು ಎಷ್ಟು ದೂರದವರೆಗೆ ಒಂದನ್ನೊಂದು ಹೋಲುತ್ತದೆ ಎಂಬುದೇ ಈಗ ಪ್ರಶ್ನೆ. ಸಾಮಾನ್ಯವಾಗಿ ರಸಸಾರದ ಏರಿಳಿತ ಕಡಿಮೆ, ವಾಹಕತೆಯದು ಬಲು ಹೆಚ್ಚು. ರಾಜ್ಯದಲ್ಲಿ 2009ರ ಭೂಚೇತನ, ಆಮೇಲೆ ಸುಜಲಾ ಯೋಜನೆಯ ನಕ್ಷೆಗಳು ಈ ದಾರಿಯಲ್ಲಿ ನಡೆದವು. ಆದರೆ 2015ರ ಮಣ್ಣು ಆರೋಗ್ಯ ಚೀಟಿಗೆ ನೀರಾವರಿಯಲ್ಲಿ 2.5 ಹೆಕ್ಟೇರಿಗೆ, ಒಣಬೇಸಾಯದಲ್ಲಿ 10 ಹೆಕ್ಟೇರಿಗೆ ಒಂದೇ ಮಾದರಿ. ಸವಳಿಗೆ ಇದು ಸಾಲದು.

ಅದಕ್ಕೇ ಬೆಳೆ ಸೊರಗಿದ ಜಾಗದ ಮಣ್ಣನ್ನು ಬೇರೆ ಚೀಲದಲ್ಲಿ ತುಂಬಿರಿ. ಮೇಲಿನ ಗೇಣು ಮಣ್ಣು ಒಂದು, ಅದರ ಕೆಳಗಿನದು ಇನ್ನೊಂದು. ಮಣ್ಣಿಗೆ ಎಷ್ಟು ಪಾಲು ನೀರು ಬೆರೆಸಿ ಅಳೆದರೆಂದು ಚೀಟಿಯ ಮೇಲೆ ಬರೆಸಿಕೊಳ್ಳಿರಿ.