ಎಣ್ಣೆಕಾಳು ಬೆಳೆಗಳ ಕೊಯ್ಲಿನ ಕಾಲ ಮತ್ತು ಬೀಜದ ಗುಣಮಟ್ಟ

ಎಣ್ಣೆಕಾಳು ಬೆಳೆಗಳ ಕೊಯ್ಲಿನ ಕಾಲವು ಬೀಜದ ತೂಕ, ಎಣ್ಣೆಯ ಪ್ರಮಾಣ, ಮೊಳೆಯುವ ಶಕ್ತಿ ಹಾಗೂ ಶೇಖರಣೆಯಲ್ಲಿನ ಬಾಳಿಕೆಯನ್ನು ನಿರ್ಧರಿಸುವ ಪ್ರಮುಖ ಅಂಶಗಳಲ್ಲಿ ಒಂದು. ನೆಲಗಡಲೆ (ಕಡಲೆಕಾಯಿ), ಎಳ್ಳು, ಹುಚ್ಚೆಳ್ಳು ಮತ್ತು ಹರಳು ಬೆಳೆಗಳು ಹಲವು ವಾರಗಳ ಕಾಲ ಹೂ ಬಿಡುವುದರಿಂದ ಒಂದೇ ಗಿಡದಲ್ಲಿ ಎಳೆಯ ಮತ್ತು ಬಲಿತ ಬೀಜಗಳು ಒಟ್ಟಿಗೆ ಇರುತ್ತವೆ. ಆದ್ದರಿಂದ ಹೆಚ್ಚು ಬೀಜ ಬಲಿತಿರುವ, ಕಡಿಮೆ ಬೀಜ ನಷ್ಟವಾಗುವ ಹಂತವನ್ನು ಕೊಯ್ಲಿಗೆ ಆರಿಸಲಾಗುತ್ತದೆ.

ಪಕ್ವತೆಯ ಹಂತಗಳು

ಬೀಜದ ಒಣತೂಕ ಗರಿಷ್ಠ ಮಟ್ಟ ತಲುಪುವ ಹಂತವನ್ನು ಶಾರೀರಿಕ ಪಕ್ವತೆ ಎನ್ನುತ್ತಾರೆ. ಆ ವೇಳೆಗೆ ಬೀಜದ ಮೊಳೆಯುವ ಶಕ್ತಿಯೂ ಹೆಚ್ಚುಕಡಿಮೆ ಪೂರ್ಣಗೊಂಡಿರುತ್ತದೆ. ಆದರೆ ತೇವಾಂಶ ಅಧಿಕವಾಗಿರುತ್ತದೆ. ಇದಕ್ಕೂ ಮೊದಲು ಕೊಯ್ದ ಬೀಜ ಸುಕ್ಕುಗಟ್ಟುತ್ತದೆ, ಅದರಲ್ಲಿ ಎಣ್ಣೆ ಕಡಿಮೆಯಿದ್ದು ಮುಕ್ತ ಕೊಬ್ಬಿನಾಮ್ಲ ಹೆಚ್ಚಿರುತ್ತದೆ. ಪಕ್ವತೆಯ ನಂತರ ಹೊಲದಲ್ಲೇ ಉಳಿದ ಬೀಜ ಬಿಸಿಲು ಮಳೆಗೆ ಸಿಕ್ಕು ಕ್ರಮೇಣ ಶಕ್ತಿ ಕಳೆದುಕೊಳ್ಳುತ್ತದೆ. ಎಣ್ಣೆ ಗಾಳಿಯೊಡನೆ ವರ್ತಿಸಿ ಕೆಡುವುದರಿಂದ ಎಣ್ಣೆಕಾಳುಗಳು ಏಕದಳ ಧಾನ್ಯಗಳಿಗಿಂತ ಬೇಗ ಹಾಳಾಗುತ್ತವೆ.

ರಾಮನಗರ ಪ್ರದೇಶದ ಪರಿಸ್ಥಿತಿ

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳು ಕರ್ನಾಟಕದ ಪೂರ್ವ ಒಣ ವಲಯಕ್ಕೆ ಸೇರಿವೆ. ಇಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಹೆಚ್ಚು ಮಳೆಯ ತಿಂಗಳುಗಳು. ಜೂನ್ ಕೊನೆ ಅಥವಾ ಜುಲೈನಲ್ಲಿ ಬಿತ್ತಿದ ನೆಲಗಡಲೆ ಸುಮಾರು 100ರಿಂದ 120 ದಿನಗಳಲ್ಲಿ, ಅಂದರೆ ಈ ಮಳೆಯ ನಡುವೆ ಅಥವಾ ಅದರ ಬೆನ್ನಿಗೆ, ಕೊಯ್ಲಿಗೆ ಬರುತ್ತದೆ. ಟಿಎಂವಿ-2ರಂತಹ ಗೊಂಚಲು ತಳಿಗಳ ಬೀಜಕ್ಕೆ ಸುಪ್ತಾವಸ್ಥೆ ಇಲ್ಲದ ಕಾರಣ, ಕೀಳುವುದು ತಡವಾದರೆ ತೇವದ ಮಣ್ಣಿನಲ್ಲೇ ಕಾಳು ಮೊಳೆಯುತ್ತದೆ. ಕಾಯಿಯ ತೊಟ್ಟು ಕೊಳೆತು ಕಾಯಿಗಳು ನೆಲದಲ್ಲೇ ಉಳಿಯುತ್ತವೆ. ಮಳೆ ಕೈಕೊಟ್ಟು ಬೆಳೆಯ ಕೊನೆಯಲ್ಲಿ ಬರ ಬಂದರೆ ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರ ತಗುಲಿ, ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಅಪಾಯವಿದೆ.

ಈ ಭಾಗದಲ್ಲಿ ರಾಗಿಯೊಡನೆ ಹುಚ್ಚೆಳ್ಳು, ಸಾಸಿವೆ, ಹರಳುಗಳನ್ನು ಅಕ್ಕಡಿ ಸಾಲುಗಳಲ್ಲಿ ಬೆಳೆಯುವ ರೂಢಿಯಿದೆ. ಇವು ಬೇರೆ ಬೇರೆ ಸಮಯಕ್ಕೆ ಮಾಗುವುದರಿಂದ ರಾಗಿ ಕೊಯ್ಲಿನವರೆಗೆ ಕಾಯದೆ ಪ್ರತ್ಯೇಕವಾಗಿ ಕೊಯ್ಯಬೇಕಾಗುತ್ತದೆ.

ಕೊಯ್ಲಿನ ಲಕ್ಷಣಗಳು

ನೆಲಗಡಲೆ: ಸುಮಾರು ಶೇ. 75ರಷ್ಟು ಕಾಯಿಗಳ ಸಿಪ್ಪೆಯ ಒಳಭಾಗ ಕಂದು ಬಣ್ಣಕ್ಕೆ ತಿರುಗಿರುವುದು.
ಎಳ್ಳು: ಕೆಳಗಿನ ಎಲೆಗಳು ಉದುರಿ, ಕೆಳಗಿನ ಕಾಯಿಗಳು ಹಳದಿಯಾಗಿ, ಇನ್ನೂ ಬಿರಿಯದಿರುವುದು. ಕಟ್ಟುಗಳನ್ನು ನೆಟ್ಟಗೆ ನಿಲ್ಲಿಸಿ ಒಣಗಿಸಿ, ಬಳಿಕ ತಲೆಕೆಳಗಾಗಿಸಿ ಬಡಿಯುತ್ತಾರೆ.
ಹುಚ್ಚೆಳ್ಳು: ಎಲೆ ಒಣಗಿ ಹೂತಲೆ ಕಪ್ಪುಮಿಶ್ರಿತ ಕಂದು ಬಣ್ಣ ತಾಳಿರುವುದು.
ಹರಳು: ಗೊನೆಯ ಕೆಲವು ಕಾಯಿಗಳು ಒಣಗತೊಡಗಿರುವುದು. ಗೊನೆಗಳನ್ನು ಹಲವು ಬಾರಿ ಬಿಡಿಸಲಾಗುತ್ತದೆ.

ಬಿತ್ತನೆ ಬೀಜ

ನವೆಂಬರ್‌ನಲ್ಲಿ ಒಣಗಿಸಿದ ಬೀಜವನ್ನು ಮುಂದಿನ ಮುಂಗಾರಿನವರೆಗೆ, ಸುಮಾರು ಏಳೆಂಟು ತಿಂಗಳು, ಕಾಪಾಡಬೇಕಾಗುತ್ತದೆ. ತಡವಾಗಿ ಕಿತ್ತ ಬೀಜ ಗಾಣಕ್ಕೆ ಹೊಂದಬಹುದಾದರೂ ಬಿತ್ತನೆಗೆ ಸಲ್ಲದೆ ಹೋಗಬಹುದು. ಭಾರತದ ಬೀಜ ಪ್ರಮಾಣೀಕರಣ ಮಾನದಂಡದಂತೆ ನೆಲಗಡಲೆಗೆ ಕನಿಷ್ಠ ಶೇ. 70, ಎಳ್ಳಿಗೆ ಶೇ. 80 ಮೊಳಕೆ ಇರಬೇಕು. ಎರಡರಲ್ಲೂ ತೇವಾಂಶ ಶೇ. 9 ಮೀರಬಾರದು. ನೆಲಗಡಲೆಯ ಬಿತ್ತನೆ ಬೀಜವನ್ನು ಪ್ರಖರ ಬಿಸಿಲಿಗೆ ಒಡ್ಡದೆ ಒಣಗಿಸಿ, ಸಿಪ್ಪೆ ಸಹಿತ ಶೇಖರಿಸುವುದು ಸೂಕ್ತ; ಸುಲಿದ ಕಾಳು ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ.