ಚಿತ್ರದಲ್ಲಿ ಮುಚ್ಚಿಹೋದ ಬಿರುಕು

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಹಳೆಯ ಕಟ್ಟಡದ ಫೋಟೋ ತೆಗೆಸಿ, ಕಟ್ಟುಹಾಕಿಸಿ, ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತೂಗುಹಾಕಿದ್ದೆವು. ಆಮೇಲೊಮ್ಮೆ ಬಾಗಿಲ ಮೇಲಿನ ಬಿರುಕನ್ನು ಪರೀಕ್ಷಿಸಲು ಬಂದ ಇಂಜಿನಿಯರು, "ಇದು ಹಳೆಯದೋ, ಹೊಸದೋ?" ಎಂದು ಕೇಳಿದರು. ನಾವು ಫೋಟೋ ತೋರಿಸಿದೆವು. ಅದರಲ್ಲಿ ಬಿರುಕು ಇರಲಿಲ್ಲ. "ಹಾಗಾದರೆ ಹೊಸದು, ಮಕ್ಕಳನ್ನು ಒಳಗೆ ಕೂರಿಸಬೇಡಿ" ಎಂದರು. ವಿಚಾರಿಸಿದಾಗ ತಿಳಿಯಿತು, ಬಿರುಕು ಅಂದೂ ಇತ್ತು. ಚೆಂದ ಕಾಣಲೆಂದು ಫೋಟೋ ತೆಗೆದವರು ಅದನ್ನು ಕಂಪ್ಯೂಟರಿನಲ್ಲಿ ಅಳಿಸಿಬಿಟ್ಟಿದ್ದರು. ಅವರು ಮಾಡಿದ್ದು ಉಪಕಾರವೆಂದೇ. ಆದದ್ದು ಮಾತ್ರ ಬೇರೆ.

ಕಟ್ಟಡದ ಚಿತ್ರವನ್ನು ತಿದ್ದುವ ಈ ವಿದ್ಯೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅದಕ್ಕೆ ಛಾಯಾಗ್ರಹಣದಷ್ಟೇ ವಯಸ್ಸು. 1851ರಲ್ಲಿ ಫ್ರಾನ್ಸಿನ ಸರ್ಕಾರ ದೇಶದ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ಐವರನ್ನು ಕಳುಹಿಸಿತು. ಅವರಲ್ಲಿ ಎದುವಾರ್ ಬಾಲ್ದ್ಯೂ ಎಂಬಾತ ಮೊದಲು ವರ್ಣಚಿತ್ರ ಬರೆಯುತ್ತಿದ್ದವನು. ಆರ್ಲ್ ಪಟ್ಟಣದ ಮಠವೊಂದರ ಮೊಗಸಾಲೆಯಲ್ಲಿ ಕತ್ತಲೆ ಬೆಳಕುಗಳೆರಡನ್ನೂ ಒಂದೇ ನೆಗೆಟಿವ್ ಹಿಡಿಯಲಾರದೆಂದು ಕಂಡು, ಆತ ಸುಮಾರು 10 ನೆಗೆಟಿವ್‌ಗಳನ್ನು ಜೋಡಿಸಿ ಒಂದು ಚಿತ್ರ ಮಾಡಿದ. ನಿಂತು ನೋಡುವವನ ಕಣ್ಣಿಗೆ ಕಂಡದ್ದನ್ನು ಒಂದು ನೆಗೆಟಿವ್ ಕೊಡದಿದ್ದಾಗ, ಕೈ ಅದನ್ನು ಕೂಡಿಸಿಕೊಟ್ಟಿತು.

ನಮ್ಮ ನಾಡಿಗೂ ಈ ಕಥೆಗೂ ನಂಟುಂಟು. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿದ್ದ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳಿಗೆ ಹೋಗಿ ದೇವಾಲಯಗಳ ಚಿತ್ರ ತೆಗೆದ. 1855ರಲ್ಲಿ ಬರ್ಮಾಕ್ಕೆ ಹೋದ ರಾಯಭಾರದೊಡನೆ ನಡೆದು ಅಲ್ಲಿನ ವಿಹಾರಗಳನ್ನೂ ಚಿತ್ರಿಸಿದ. 1856ರಲ್ಲಿ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು ಬೆಂಗಳೂರಿನಲ್ಲಿ ಕಾರ್ಯಾಗಾರ ಹೂಡಿದ.

ಅಂದಿನ ಕೆಲಸ ಸುಲಭದ್ದಲ್ಲ. ತೆಳುವಾದ ಕಾಗದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣ ಲೇಪಿಸಿ ನೆಗೆಟಿವ್ ಮಾಡಬೇಕು. ಆ ಲವಣಕ್ಕೆ ನೀಲಿ ಬೆಳಕೆಂದರೆ ಬಲು ಚುರುಕು, ಹಸಿರೆಂದರೆ ಮಂಕು. ಗೋಡೆಯ ಕೆತ್ತನೆ ಮೂಡುವಷ್ಟರಲ್ಲಿ ಆಕಾಶದ ಮೋಡಗಳೆಲ್ಲ ಮಾಯವಾಗಿ, ಕಾಗದದ ದೋಷಗಳೇ ಕಲೆಗಳಾಗಿ ಉಳಿಯುತ್ತಿದ್ದವು. ಗಿಡಮರಗಳು ಕಪ್ಪು ಮುದ್ದೆಗಳಾಗುತ್ತಿದ್ದವು. ಆದ್ದರಿಂದ ಟ್ರೈಪ್ ಕುಂಚ ಹಿಡಿದ. ನೆಗೆಟಿವ್ ಮೇಲೆ ಬಣ್ಣ ಬಿದ್ದಲ್ಲಿ ಬೆಳಕು ತಡೆದು, ಅಚ್ಚಿನಲ್ಲಿ ಆ ಜಾಗ ಬಿಳುಪಾಗುತ್ತದೆ. ಹೀಗೆ ಆತ ಆಕಾಶಕ್ಕೆ ಮೋಡ ಕೊಟ್ಟ, ಎಲೆಗಳಿಗೆ ರೂಪು ಕೊಟ್ಟ. ಎಲ್ಲವನ್ನೂ ತಲೆಕೆಳಗಾಗಿ ಯೋಚಿಸಬೇಕಾದ ವಿದ್ಯೆ ಇದು: ಬೆಳಕು ಬೇಕಾದರೆ ಕಪ್ಪು ಬಳಿಯಬೇಕು.

ಇದೇ ಟ್ರೈಪ್ 1858ರಲ್ಲಿ ತಂಜಾವೂರಿನ ಬೃಹದೀಶ್ವರ ದೇವಾಲಯದ ಅಧಿಷ್ಠಾನದ ಶಾಸನಗಳನ್ನು ತೋರಿಸಲು 21 ಅಚ್ಚುಗಳನ್ನು ಸಾಲಾಗಿ ಜೋಡಿಸಿ ಸುಮಾರು 19 ಅಡಿ ಉದ್ದದ ಚಿತ್ರ ಮಾಡಿದ. ಮೋಡ ಬರೆದರೆ ಯಾರಿಗೂ ನಷ್ಟವಿಲ್ಲ. ಶಾಸನದ ಒಂದಕ್ಷರವನ್ನು ತೀಡಿದರೆ ಅರ್ಥವೇ ಬೇರೆಯಾದೀತು. ಖರ್ಚು ಹೆಚ್ಚಾಯಿತೆಂದು ಗವರ್ನರ್ ಟ್ರೆವೆಲಿಯನ್ ಕೈಹಿಡಿದುದರಿಂದ ಆತನ ಕೆಲಸ 1860ರಲ್ಲಿ ನಿಂತುಹೋಯಿತು.

ತಿದ್ದದೆ ಬಿಟ್ಟುದರ ಬೆಲೆ ತಿಳಿಯಬೇಕಾದರೆ ಹಂಪಿಗೆ ಬರೋಣ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಅಲ್ಲಿನ ಚಿತ್ರಗಳನ್ನು ಇಂಥದೇ ಮೇಣದ ಕಾಗದದ ಮೇಲೆ ತೆಗೆದ. ವಿಠಲ ದೇವಾಲಯದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಶಿಖರವೊಂದಿತ್ತು. ಮುಂದೆ ಅದನ್ನು ತೆಗೆದುಹಾಕಲಾಯಿತು. ಇಂದು ರಥವನ್ನು ನೋಡುವವರಿಗೆ ಅದರ ಸುಳಿವೂ ಇಲ್ಲ. ಗ್ರೀನ್‌ಲಾನ ಚಿತ್ರದಲ್ಲಿ ಅದು ಹಾಗೆಯೇ ನಿಂತಿದೆ. 'ಮುರುಕು ಶಿಖರ ಚೆನ್ನಾಗಿ ಕಾಣದು' ಎಂದು ಆತ ಅದನ್ನು ಅಳಿಸಿದ್ದರೆ? 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಅವೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದಾಗ, ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಲು ಸಾಧ್ಯವಾದುದು ಹಳೆಯ ಚಿತ್ರ ನಂಬಿಕೆಗೆ ಯೋಗ್ಯವಾಗಿದ್ದುದರಿಂದಲೇ.

ಓಲೆಗರಿಯ ಗ್ರಂಥಗಳನ್ನು ಶೋಧಿಸುವವರಿಗೆ ಇದು ಹೊಸ ಮಾತಲ್ಲ. ಹುಳು ತಿಂದ ಕಡೆ ಅಕ್ಷರವನ್ನು ಊಹಿಸಿದರೆ ಕಂಸದಲ್ಲಿ ಹಾಕುತ್ತಾರೆ. ಮೂಲದ ಪಾಠವನ್ನು ಅಡಿಯಲ್ಲಿ ಕೊಡುತ್ತಾರೆ. ಹೇಳದೆ ಕೇಳದೆ ಸೇರಿಸಿದ್ದಕ್ಕೆ ಪ್ರಕ್ಷಿಪ್ತವೆಂದು ಹೆಸರು. ಲಿಪಿಕಾರನ ತಪ್ಪಿಗಿಂತ ಲಿಪಿಕಾರನ ಜಾಣತನವೇ ಗ್ರಂಥಕ್ಕೆ ಹೆಚ್ಚು ಅಪಾಯ ಎಂದು ನನಗೆ ಕಲಿಸಿದ ಪಂಡಿತರು ಹೇಳುತ್ತಿದ್ದರು. ಚಿತ್ರದಲ್ಲಿ ಕಂಸ ಹಾಕಲು ಬರುವುದಿಲ್ಲ, ಕಷ್ಟವಿರುವುದೇ ಅಲ್ಲಿ.

ಹಾಗೆಂದು ತಿದ್ದಲೇಬಾರದೆಂದಲ್ಲ. ಯಂತ್ರದ ಕೊರತೆಯನ್ನು ತಿದ್ದಿ. ಕಟ್ಟಡದ ಕೊರತೆಯನ್ನು ತಿದ್ದಬೇಡಿ. ಮಸೂರದ ಮೇಲಿನ ಧೂಳಿನ ಕಲೆ, ವಾಲಿದಂತೆ ಕಾಣುವ ಕಂಬ, ಮಂಕಾದ ನೆರಳು ಇವು ಯಂತ್ರದವು. ಬಿರುಕು, ಪಾಚಿ, ಗೋಪುರದ ಮೇಲೆ ಮೊಳೆತ ಅರಳಿಗಿಡ ಇವು ಕಟ್ಟಡದವು. ನಿಮ್ಮ ಮನೆಯ ಪಡಸಾಲೆಯಲ್ಲಿ ಅಜ್ಜ ಕಟ್ಟಿಸಿದ ಮನೆಯ ಚಿತ್ರವಿದ್ದರೆ, ಅದನ್ನು ಹೊಸದು ಮಾಡಿಸುವಾಗ ಮೂಲವನ್ನು ಎಸೆಯಬೇಡಿ. ಹೊಸದರ ಬೆನ್ನಿಗೆ ಏನನ್ನು ತಿದ್ದಿದೆ, ಯಾವ ವರ್ಷ ತಿದ್ದಿದೆ ಎಂದು ಎರಡು ಸಾಲು ಬರೆದಿಡಿ.

ನಮ್ಮ ಶಾಲೆಯ ಫೋಟೋ ಇನ್ನೂ ಗೋಡೆಯ ಮೇಲಿದೆ. ಅದರ ಕೆಳಗೆ ಒಂದು ಚೀಟಿ ಅಂಟಿಸಿದ್ದೇನೆ: 'ಬಾಗಿಲ ಮೇಲೆ ಬಿರುಕು ಉಂಟು. ಚಿತ್ರದಲ್ಲಿ ಕಾಣದು.'